ಎಂಜಲು ಮಾತು

"ಮುಟ್ಬೇಡಿ ನನ್ನ!"

ಚಿತ್ರಮಂದಿರದ ಮೆಟ್ಟಿಲ ಮೇಲೆ ಅವಳು ಕೈ ಕಿತ್ತುಕೊಂಡ ರಭಸಕ್ಕೆ ಅವನು ಮುಗ್ಗರಿಸಿದ. ಒಳಗೆ ಸಿನಿಮಾ ಇನ್ನೂ ಓಡುತ್ತಿತ್ತು.

"ಏನಾಯ್ತು? ನನ್ನ ದನಿ ಅಷ್ಟು ಕೆಟ್ಟದಾಗಿತ್ತಾ?"

"ಥೂ!" ಎಂದವಳೇ ತಿರುಗಿಯೂ ನೋಡದೆ ನಡೆದುಬಿಟ್ಟಳು.

ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಅವನು ಪರಭಾಷೆಯ ಸಿನಿಮಾಗಳಿಗೆ ದನಿ ಕೊಡುವ ಡಬ್ಬಿಂಗ್ ಕಲಾವಿದ. ಹೋದ ವರ್ಷ ಒಂದು ರಷ್ಯನ್ ಚಿತ್ರದ ಕೆಲಸ ಸಿಕ್ಕಾಗ, ಅದರ ಮೂಲ ಕಾದಂಬರಿ ಹುಡುಕಿಕೊಂಡು ಅವಳ ಮೇಜಿನ ಮುಂದೆ ಬಂದು ನಿಂತಿದ್ದ. ಇಟ್ಟಿಗೆಯಂಥ ಪುಸ್ತಕ! ಉದ್ದುದ್ದ ಹೆಸರುಗಳಿಗೆ ನಾಲಿಗೆ ಹೊರಳದೆ ಅವನು ಪೇಚಾಡುವುದನ್ನು ನೋಡಲಾರದೆ ಅವಳೇ ಪಕ್ಕದಲ್ಲಿ ಕೂತು ಓದಿಸಿದ್ದಳು. ಪುಸ್ತಕ ಮುಗಿಯುವಷ್ಟರಲ್ಲಿ ಅವಳ ಮನಸ್ಸು ಸೋತಿತ್ತು.

ಹೋದ ವಾರ ಅವನು ಅವಳ ಕೈ ಹಿಡಿದು, "ಈ ಕೈ ಬೆಚ್ಚಗಾಗೋವರೆಗೂ ನಾನೆಲ್ಲೂ ಹೋಗಲ್ಲ. ನನ್ನ ಮದ್ವೆ ಆಗ್ತೀರಾ?" ಎಂದಿದ್ದ. ಅವನು ದನಿ ಕೊಟ್ಟ ಆ ಸಿನಿಮಾ ನೋಡಿದ ಮೇಲೆ ಉತ್ತರ ಹೇಳುತ್ತೇನೆಂದು ಅವಳು ನಾಚಿದ್ದಳು.

ಆದರೆ ಪರದೆಯ ಮೇಲೆ ಒಬ್ಬ ಕಪಟಿ ವಕೀಲ, ತಬ್ಬಲಿ ಹುಡುಗಿಯನ್ನು ಮರುಳುಮಾಡಿ ಆಸ್ತಿ ಬರೆಸಿಕೊಳ್ಳುವ ಮುಂಚೆ, ಅವಳ ಕೈ ಹಿಡಿದು ಹೇಳಿದ್ದೂ ಅದನ್ನೇ... "ಈ ಕೈ ಬೆಚ್ಚಗಾಗೋವರೆಗೂ..." ಅದೇ ದನಿ! ಅದೇ ಏರಿಳಿತ!

ಮನೆಗೆ ಬಂದವಳು ಸೋಪು ಹಚ್ಚಿ ಕೈ ಉಜ್ಜಿದಳು. ಮತ್ತೆ ಉಜ್ಜಿದಳು.

"ಚರ್ಮ ಕಿತ್ತು ಬರುತ್ತೆ ಕಣೇ," ಎಂದಳು ಅಕ್ಕ.

"ಬರಲಿ ಬಿಡಕ್ಕಾ! ಯಾವನೋ ಲಫಂಗನ ಎಂಜಲು ಮಾತನ್ನ ನನ್ನ ಕೈಗೆ ಸವರಿಬಿಟ್ಟಿದ್ದಾನೆ!"

ನಡೆದದ್ದನ್ನೆಲ್ಲ ಕೇಳಿ ಅಕ್ಕ ಹೇಳಿದಳು, "ಅದು ಪುಸ್ತಕದಲ್ಲೇ ಇರಬಹುದಲ್ವೇನೇ? ಪಾಪ, ಇಷ್ಟ ಆಗಿ ನಿನಗೆ ಹೇಳಿರಬಹುದು."

ಪುಸ್ತಕ ತೆರೆದು ಆ ದೃಶ್ಯ ಹುಡುಕಿದಳು. ಅಲ್ಲಿ ವಕೀಲ ತುಟಿಯನ್ನೇ ಬಿಚ್ಚುವುದಿಲ್ಲ! ಹಾಗಾದರೆ... ಆ ಹೊಲಸು ಮನುಷ್ಯನಿಗಾಗಿ ಡಬ್ಬಿಂಗ್‌ನಲ್ಲಿ ಇವನೇ ಹೆಣೆದ ಮಾತಿರಬೇಕು. ಅದನ್ನೇ ಒರೆಸಿ ತಂದು ನನ್ನ ಮುಂದಿಟ್ಟನಾ? ಪುಸ್ತಕವನ್ನು ದೂರ ತಳ್ಳಿದಳು.

ಮರುದಿನ ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲೇ ಅವನು ಕಾದು ನಿಂತಿದ್ದ.

"ಪರದೆ ಮೇಲಿನವರ ತುಟಿಗೆ ಸರಿಯಾಗಿ ನಾವು ಮಾತಾಡ್ಬೇಕು. ಡಬ್ಬಿಂಗ್ ಮಾಡಿದ ದಿನ ಬರೆದುಕೊಟ್ಟಿದ್ದ ಮಾತು ಮುಗಿದ್ರೂ ಆ ವಕೀಲನ ತುಟಿ ಆಡ್ತಾನೇ ಇತ್ತು. ಏನಾದ್ರೂ ತುಂಬಬೇಕಿತ್ತು... ಅವತ್ತು ಬೆಳಿಗ್ಗೆ ಇಲ್ಲಿ ಪುಟ ತಿರುಗಿಸುವಾಗ ನಿಮ್ಮ ಕೈ ತಗುಲಿತ್ತಲ್ಲ, ತಣ್ಣಗಿತ್ತು. ಆಗ ಹೊಳೆದ ಮಾತನ್ನ ನಿಮಗೆ ಹೇಳೋಕೆ ಧೈರ್ಯ ಸಾಲದೆ ನುಂಗಿಕೊಂಡಿದ್ದೆ. ಅದು ಮೈಕ್ ಮುಂದೆ ಬಾಯಿಗೆ ಬಂದ್ಬಿಡ್ತು."

ಬೀಗಕ್ಕೆ ಕೀಲಿ ಹಾಕಿದವಳು ಹಾಗೇ ಬಿಟ್ಟು ಅವನತ್ತ ತಿರುಗಿದಳು.

"ನಿಮಗೆ ಅಂತ ಹುಟ್ಟಿದ್ದನ್ನ ಆ ಕೊಳಕನಿಗೆ ಕೊಟ್ಟೆ. ನೀವು ಎದ್ದು ಹೋದ ಮೇಲೆ ಹೊಳೀತು. ನನ್ನ ಮೇಲೆ ನನಗೇ ಹೇಸಿಗೆ ಆಯ್ತು."

ಅವಳಿಗೆ ಅಳು ಉಕ್ಕಿ ಬಂತು. ಅವನ ಮಾತು ನಿಜವೆಂದು ಮನಸ್ಸು ಒಪ್ಪಿದರೂ ಅಸಹ್ಯ ಪೂರ್ತಿ ಹೋಗಲಿಲ್ಲ.

"ಆ ಮಾತು ಇನ್ಯಾವತ್ತೂ ನನಗೆ ಹೇಳ್ಬೇಡಿ."

"ಹೇಳಲ್ಲ."

"ಬೇರೆ ಏನಾದ್ರೂ ಹೇಳಿ. ಇನ್ನೂ ಯಾರ ಬಾಯಿಗೂ ಬೀಳದೆ ಇರೋದು."

ಎಷ್ಟೋ ನಾಯಕರ ಬಾಯಲ್ಲಿ ಪ್ರೀತಿಯ ಮಾತಾಡಿಸಿದವನು ಬಾಯಿ ತೆರೆದ... ಮುಚ್ಚಿದ. ಅವಳ ಮುಖವನ್ನೇ ನೋಡುತ್ತಾ ತಡವರಿಸಿದ.

"ನಿಮ್ಮ... ನಿಮ್ಮ ಮೂಗು ಸೋರ್ತಾ ಇದೆ."

"ಥೂ!" ಎಂದು ಅಳುತ್ತಲೇ ನಕ್ಕುಬಿಟ್ಟಳು. ಅವನು ಚಾಚಿದ ಕರವಸ್ತ್ರ ಕಿತ್ತುಕೊಂಡು ಮೂಗು ಒರೆಸಿಕೊಂಡಳು. "ಮದ್ವೆ ಆಗ್ತೀನಿ. ಆದ್ರೆ ಇದನ್ನ ಯಾವ ಸಿನಿಮಾದಲ್ಲೂ ಹೇಳಕೂಡದು."

"ಇಲ್ಲ... ಇದು ನಿಮಗೆ ಮಾತ್ರ."