ಅರವತ್ತೊಂದು ಮನೆ

ಕಾಂತು ಮೊದಲ ದಿನವೇ ಎಡವಿದ್ದ. ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ನಿಂತಿದ್ದ ಪ್ರಜ್ಞಾಳನ್ನೇ ಬಂದು ಕೇಳಿದ್ದ: "ಅಕ್ಕಾರ, ಡಾಕ್ಟರ್ ಪ್ರಜ್ಞಾ ಮೇಡಂ ಬಂದಾರೇನ್ರಿ? ವಯಸ್ಸಾದವರು, ತಲಿ ಬೆಳ್ಳಗಾಗಿರಬೇಕು."

"ಯಾಕ್ರಿ ಬೆಳ್ಳಗಾಗಬೇಕು?"

"ಹದಿಮೂರು ಪೇಪರ್ ಬರದಾರ್ರಿ. ಕರಿ ಕೂದಲಿದ್ದಾಗ ಅಷ್ಟ ಬರಿಯೂದು ಆಗೂದಿಲ್ಲ."

ಅವಳು ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆಳೆದುಕೊಂಡಳು. "ನೋಡ್ರಿ ಹಂಗಾರ, ಎಲ್ಲರೆ ಒಂದು ಬಿಳಿ ಕೂದಲ ಸಿಗತೈತೇನು."

ಅವನ ಕಿವಿ ಕೆಂಪಾಯಿತು. ಆದರೂ ಜಡೆಯನ್ನು ನೋಡುವುದನ್ನು ಮಾತ್ರ ಬಿಡಲಿಲ್ಲ.

ಪ್ರಜ್ಞಾ ಬಾಯಿಯ ಕ್ಯಾನ್ಸರ್ ಕುರಿತು ಸಂಶೋಧನೆ ಮಾಡುವವಳು, ಇಂಡಿಯ ಮೇಷ್ಟ್ರ ಮಗಳು. ಸಿಂದಗಿಯ ಕಾಂತು ಅವಳ ಯೋಜನೆಗೆ ಸಹಾಯಕನಾಗಿ ಬಂದವನು. ಊರವರು ಮಿಶ್ರಿ ಅನ್ನುವ ಸುಟ್ಟ ತಂಬಾಕಿನ ಪುಡಿಯನ್ನು ವಸಡಿಗೆ ತಿಕ್ಕುವ ಹೆಂಗಸರ ಬಾಯಿ ನೋಡುವುದು, ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಬಿಳಿ ಮಚ್ಚೆಯಿದ್ದರೆ ಬರೆದುಕೊಳ್ಳುವುದು, ಮಿಶ್ರಿ ಬಿಡಲು ಬುದ್ಧಿ ಹೇಳುವುದು, ಆರು ತಿಂಗಳಿಗೆ ಮತ್ತೆ ಹೋಗಿ ನೋಡುವುದು. ಇಷ್ಟೇ ಕೆಲಸ. ಮೊದಲ ಸುತ್ತು ಇಬ್ಬರೂ ಜೊತೆಗೆ ಮಾಡಿದರು. ಎರಡನೆಯ ಸುತ್ತಿನಲ್ಲಿ ಕೊಲ್ಹಾರದ ಅರವತ್ತೊಂದು ಮನೆ ಕಾಂತುವಿನ ಪಾಲಿಗೆ ಬಂದವು. ಮೊದಲ ಸಲ ಇಬ್ಬರಿಗೂ ಸೇರಿ ತಿಂಗಳು ಹಿಡಿದಿದ್ದ ಕೆಲಸವನ್ನು ಒಂಬತ್ತೇ ದಿನಕ್ಕೆ ಮುಗಿಸಿ ಬಂದ.

ಪೇಪರ್ ದೊಡ್ಡ ಜರ್ನಲಿನಲ್ಲಿ ಬಂತು. ಮನೆಗೇ ಹೋಗಿ ಬುದ್ಧಿ ಹೇಳಿದರೆ ಮಚ್ಚೆ ಕರಗುತ್ತದೆ ಎನ್ನುವುದು ಅದರ ತಿರುಳು. ಬೇರೆ ಪ್ರೇಮಿಗಳು ಚಂದ್ರ, ಹೂವು ಅನ್ನುವ ಹೊತ್ತಿನಲ್ಲಿ ಕಾಂತು ಬೆಳಗ್ಗೆ ಫೋನ್ ಮಾಡಿ, "ಮೇಡಂ, ನಿನ್ನ ಪೇಪರ್ ಇವತ್ತು ಬ್ರೆಜಿಲ್‌ನವರು ಉಲ್ಲೇಖ ಮಾಡ್ಯಾರ. ಇನ್ನೂರಾ ಹನ್ನೊಂದು ಆತು" ಅನ್ನುತ್ತಿದ್ದ.

"ನನ್ನ ಪೇಪರ್ ಅಲ್ಲ, ನಮ್ಮದು."

"ನಮ್ಮದು ಅಂತ ಇನ್ನೊಮ್ಮೆ ಅನ್ನು."

ಅವಳು ಅನ್ನುತ್ತಿರಲಿಲ್ಲ. ಫೋನಿಟ್ಟ ಮೇಲೆ ಒಬ್ಬಳೇ ಅಂದುಕೊಳ್ಳುತ್ತಿದ್ದಳು. ಆ ಪೇಪರಿನಿಂದಲೇ ಅವಳ ಹುದ್ದೆ ಉಳಿಯಿತು, ಅವನಿಗೆ ಕಾಲೇಜಿನಲ್ಲಿ ನೌಕರಿ ಆಯಿತು. ಎರಡು ವರ್ಷ ತಕರಾರು ತೆಗೆದ ಅವನ ಮನೆಯವರು ಕೊನೆಗೆ ಒಪ್ಪಿದರು. ವೈಶಾಖಕ್ಕೆ ಮದುವೆ.

ಮೂರನೆಯ ವರ್ಷದ ತಪಾಸಣೆಗೆ ಹೊರಡಬೇಕೆನ್ನುವಾಗ ಕಾಂತುವಿಗೆ ಜ್ವರ ಬಂತು. ಪ್ರಜ್ಞಾ ಒಬ್ಬಳೇ ಕೊಲ್ಹಾರಕ್ಕೆ ಹೋದಳು. ಪಟ್ಟಿಯ ಮೊದಲ ಹೆಸರು ಕಸ್ತೂರೆವ್ವ. ಬಾಗಿಲಿಗೆ ಬಂದವಳು ಸೊಸೆ ಮಾಲಾ.

"ಅತ್ತಿ ತೀರಿಕೊಂಡು ಮೂರು ವರ್ಷ ಆತ್ರಿ. ಸಂಕ್ರಾಂತಿ ದಿನ."

ಪ್ರಜ್ಞಾ ಕೈಯಲ್ಲಿದ್ದ ಫಾರ್ಮ್ ನೋಡಿದಳು. ಅದೇ ವರ್ಷದ ಫೆಬ್ರವರಿ ಮೂರು. 'ಮಚ್ಚೆ ಮಾಯವಾಗಿದೆ.' ಕೆಳಗೆ ಹೆಬ್ಬೆಟ್ಟು.

"ನಾವು ಮೊದಲ ಸಲ ಬಂದು ಹೋದ ಮ್ಯಾಲ ಮತ್ತ ನಮ್ಮವರು ಬಂದಿದ್ರಲ್ಲ, ಕಾಂತು ಸರ್..."

"ಯಾರೂ ಬರಲಿಲ್ರಿ. ದೀಪಾವಳಿಗೆ ಬಾಯಾಗ ಹುಣ್ಣಾತು. ದವಾಖಾನಿಗಿ ಹೋಗೂಣ ನಡಿ ಅಂದ್ರ ಕೇಳಲಿಲ್ಲ. ಆರು ತಿಂಗಳಿಗೆ ಬರ್ತೇನಿ ಅಂದಾರ ಮೇಡಂ, ಅವರ ನೋಡ್ಲಿ ಅಂತ ಕುಂತಳು."

ಅಲ್ಲಿಂದ ಪ್ರಜ್ಞಾ ಇನ್ನೂ ನಾಲ್ಕು ಮನೆಗೆ ಹೋಗಿ ಬಾಯಿ ನೋಡಿದಳು. ಅಲ್ಲೂ ಯಾರೂ ಎರಡನೆಯ ಸಲ ಬಂದಿರಲಿಲ್ಲ.

ಸಿಂದಗಿಯ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕಾಂತು ಸುಳ್ಳು ಹೇಳಲಿಲ್ಲ. ಕಪ್ಪಿನಲ್ಲಿದ್ದ ಚಹಾ ಹಾಗೇ ಆರಿತು.

"ಮಾರ್ಚಿಗೆ ಯೋಜನೆ ಮುಗೀತಿತ್ತು. ಪೇಪರ್ ಆಗದಿದ್ರ ನಿನ್ನ ಪೋಸ್ಟ್ ಹೋಗ್ತಿತ್ತು, ನೀ ಪುಣೆಕ್ಕ ಹೋಗಿಬಿಡ್ತಿದ್ದಿ. ಒಂದ ಮನಿಗೂ ಹೋಗಲಿಲ್ಲ. ಲಾಜಿನಾಗ ಕುಂತು ತುಂಬಿದೆ. ಹೆಬ್ಬೆಟ್ಟೂ ನನ್ನವ."

"ನನ್ನ ಸಲುವಾಗಿ?"

"ಮತ್ಯಾರ ಸಲುವಾಗಿ?"

ಇದೇ ಮಾತನ್ನು ಬೇರೆ ಯಾವಾಗಲಾದರೂ ಕೇಳಿದ್ದರೆ ಅವಳು ಕರಗಿಹೋಗುತ್ತಿದ್ದಳು.

"ಅವನ್ನ ಬಿಟ್ಟು ಲೆಕ್ಕ ಹಾಕು" ಅಂದ ಅವನು. "ಫಲಿತಾಂಶ ಅದ ಬರಬಹುದು."

"ಹಾಕೇನಿ. ಬರೂದಿಲ್ಲ."

ಅವಳು ಜರ್ನಲಿಗೆ ಬರೆದ ಪತ್ರ ಮುಂದಿಟ್ಟಳು. ಪೇಪರನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ ಎಂದಿತ್ತು. ಅವನು ಬಹಳ ಹೊತ್ತು ಓದಿ, 'ಸುಳ್ಳು ತುಂಬಿದವನು ನಾನೊಬ್ಬನೇ, ಪ್ರಜ್ಞಾಗೆ ಗೊತ್ತಿರಲಿಲ್ಲ' ಎಂದು ಸೇರಿಸಿ ಸಹಿ ಹಾಕಿದ. ನೌಕರಿ ಹೋಗುತ್ತದೆಂದು ಅವನಿಗೆ ಗೊತ್ತಿತ್ತು.

ಪ್ರಜ್ಞಾ ಪೆನ್ನು ಕಸಿದುಕೊಂಡು ಆ ಸಾಲು ಹೊಡೆದುಹಾಕಿದಳು.

"ಒಂಬತ್ತು ದಿನದಾಗ ಅರವತ್ತೊಂದು ಮನಿ ಹೆಂಗ ಮುಗಿಸಿದಿ ಅಂತ ನಾ ಕೇಳಲಿಲ್ಲ ಕಾಂತು. ನೀ ಲಗೂ ಬಂದಿ ಅಂತ ಖುಷಿಪಟ್ಟೆ. ನನಗೂ ಪೇಪರ್ ಬೇಕಾಗಿತ್ತು."

"ನಿನ್ನ ಹೆಸರರೆ ಉಳೀಲಿ."

"ನಿನಗ ಇನ್ನೂ ತಿಳೀವಲ್ದು."

ಅವನ ಕಣ್ಣು ತುಂಬಿತ್ತು. "ನನ್ನ ಮ್ಯಾಲ ಪ್ರೀತಿ ಸತ್ತೇ ಹೋತೇನು?"

"ಸತ್ತಿದ್ರ ಚಲೋ ಇತ್ತು."

ಅವನು ಕೈ ಹಿಡಿದ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಇಂಡಿ ಬಸ್ಸು ಹಾರ್ನ್ ಹೊಡೆದಾಗ ಅವನೇ ಬಿಟ್ಟ.

ಮದುವೆ ಮುರಿಯಿತು. ಕಾಂತುವಿನ ನೌಕರಿ ಹೋಯಿತು. ಅವಳಿಗೆ ಬರಬೇಕಿದ್ದ ಬಡ್ತಿ ನಿಂತಿತು, ಹೆಸರಿನ ಮುಂದೆ ರದ್ದಾದ ಪೇಪರಿನ ಕಲೆ ಉಳಿಯಿತು. ಅವನು ಪೇಪರುಗಳ ಲೋಕವನ್ನೇ ಬಿಟ್ಟು ಚಡಚಣದ ಕಡೆ ದ್ರಾಕ್ಷಿ ವ್ಯಾಪಾರಕ್ಕೆ ನಿಂತನೆಂದು ಯಾರೋ ಹೇಳಿದರು. ಆ ದಿನ ಅವಳು ಊಟ ಮಾಡಲಿಲ್ಲ.

ಆದರೆ ಫಾರ್ಮಿನಲ್ಲಿ 'ಮಾಯವಾಗಿದೆ' ಎಂದು ಬರೆದಿದ್ದ ಉಳಿದ ಐವತ್ತಾರು ಬಾಯಿಗಳಲ್ಲಿ ನಿಜವಾಗಿ ಏನಿದೆಯೋ ಯಾರಿಗೂ ಗೊತ್ತಿರಲಿಲ್ಲ. ರಜೆ ಹಾಕಿ, ಟಾರ್ಚ್ ಹಿಡಿದು, ಅವಳು ಕೊಲ್ಹಾರದ ಟೆಂಪೋ ಹತ್ತಿದಳು.

ಆರನೆಯ ಮನೆಯ ಮುದುಕಿ ಕಟ್ಟೆಯ ಮೇಲೆ ಕೂತು ಮಿಶ್ರಿ ತಿಕ್ಕುತ್ತಿದ್ದಳು. "ಈಗ ಬಂದ್ಯಾ ನಮ್ಮವ್ವಾ? ಇಷ್ಟ ದಿನ ಎಲ್ಲಿ ಹೋಗಿದ್ದಿ?"

ಪ್ರಜ್ಞಾ ಮುದುಕಿಯ ಎದುರು ಮೊಣಕಾಲೂರಿ ಕೂತು ಟಾರ್ಚ್ ಹಚ್ಚಿದಳು.

"ಬಾಯಿ ತೆರೀ, ಆಯಿ."