ಔನೆಯಮ್ಮ ಕುಡಿದ ಎರಡು ಬಾಟಲಿ ಚಹಾ

"ಇದನ್ನ ನಮ್ಮಮ್ಮನಿಗೆ ಮಾರಿದ್ದು ನೀವೇನಾ?"

ಎರಡು ಖಾಲಿ ಬಾಟಲಿಗಳನ್ನು ಕೌಂಟರಿನ ಮೇಲಿಟ್ಟು ಆ ಗಂಡಸು ಕೇಳಿದ. ದನಿ ಏರಿರಲಿಲ್ಲ. ಅದಕ್ಕೇ ಕೌಂಟರಿನ ಹಿಂದಿದ್ದ ಮಿರೆಲ್ಲಳಿಗೆ ಹೆಚ್ಚು ಭಯವಾಯಿತು.

ನವೆಂಬರಿನ ಮೊದಲ ಸೋಮವಾರ, ಮಧ್ಯಾಹ್ನದ ಹೊತ್ತು. ಥಂಡರ್ ಬೇ ಬಂದರಿನ ರಸ್ತೆಯಲ್ಲಿದ್ದ ಆ ಪರವಾನಗಿ ಪಡೆದ ಗಾಂಜಾ ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಬಾಟಲಿಗಳು ನಿಂಬೆ ಚಹಾದವು. ಒಂದೊಂದರಲ್ಲೂ ಹತ್ತು ಮಿಲಿಗ್ರಾಂ ಗಾಂಜಾದ ಅಮಲಿನ ಅಂಶ.

"ಹೌದು. ಶನಿವಾರ ನಾನೇ ಕೊಟ್ಟಿದ್ದು."

"ಎಪ್ಪತ್ನಾಲ್ಕು ವರ್ಷ ಅವಳಿಗೆ. ಹುಟ್ಟಿದಾಗಿಂದ ಗಾಂಜಾ ಮುಟ್ಟಿದವಳಲ್ಲ. ನಿನ್ನೆ ಎರಡೂ ಕುಡಿದು ಆರು ತಾಸು ಆಸ್ಪತ್ರೆಯಲ್ಲಿ ಮಲಗಿದ್ಲು. ಎದೆ ಹೊಡ್ಕೋತಿದೆ, ನಾನು ಸಾಯ್ತಿದೀನಿ ಅಂತ ನನ್ನ ಕೈ ಬಿಡ್ಲೇ ಇಲ್ಲ." ಅವನು ಬಾಟಲಿಗಳನ್ನು ಅವಳತ್ತ ತಳ್ಳಿದ. "ಅಂಗಡಿಯವಳೇ ಎರಡೂ ಕುಡೀರಿ ಅಂದ್ಲು ಅಂತಾಳೆ."

ನಾನು ಹಾಗೆ ಹೇಳಲೇ ಇಲ್ಲ... ಮಾತು ಮಿರೆಲ್ಲಳ ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಅವಳ ಕಣ್ಣು ಕಿಟಕಿಯಾಚೆ ಹೋಯಿತು. ರಸ್ತೆ ಬದಿಗೆ ನಿಲ್ಲಿಸಿದ್ದ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಶನಿವಾರದ ಆ ಮುದುಕಿ ಕೂತಿದ್ದರು. ಔನೆ ಲೆಹ್ತೊ. ಇಬ್ಬರ ಕಣ್ಣೂ ಕೂಡಿದವು. ಮುದುಕಿ ನಿಧಾನವಾಗಿ ತಲೆ ಅಲ್ಲಾಡಿಸಿದರು. ಬೇಡ... ಹೇಳಬೇಡ.

ಶನಿವಾರ ಆಕೆಗೆ ಮಿರೆಲ್ಲ ಇಪ್ಪತ್ತು ನಿಮಿಷ ಬಿಡಿಸಿ ಹೇಳಿದ್ದಳು. ಕಾಲು ಬಾಟಲಿ ಸಾಕು, ಎರಡು ತಾಸು ಕಾಯಿರಿ, ಆ ದಿನ ಮತ್ತೆ ಮುಟ್ಟಬೇಡಿ ಎಂದು. ಆದರೆ ಹೊರಡುವಾಗ ಔನೆಯಮ್ಮ ಒಂದು ಪ್ರಶ್ನೆ ಕೇಳಿದ್ದರು. "ಇದ್ರಲ್ಲಿ ಯಾವುದು ಕುಡಿದ್ರೆ ಒಂದಿಡೀ ದಿನ ಗೊತ್ತಾಗದ ಹಾಗೆ ಕಳೆದುಹೋಗುತ್ತೆ ಮಗಳೇ?"

ತಮಾಷೆ ಎಂದುಕೊಂಡು ಮಿರೆಲ್ಲ ನಕ್ಕಿದ್ದಳು. ಯಾಕೆ ಎಂದು ಕೇಳಿರಲಿಲ್ಲ.

ಆ ಒಂದು ಮಾತು ಕೇಳಬೇಕಿತ್ತು ನಾನು.

"ಕ್ಷಮಿಸಿ," ಎಂದಳು ಅವಳು. "ತಪ್ಪಾಯ್ತು."

ಅವನು ಜಗಳಕ್ಕೆ ಸಿದ್ಧನಾಗಿ ಬಂದಿದ್ದ. ಆ ಉತ್ತರಕ್ಕೆ ಸಿದ್ಧನಾಗಿರಲಿಲ್ಲ. ಒಳಗಿದ್ದ ಮಾಲೀಕ ಗಾರ್ನೆಟ್‌ನನ್ನು ಕರೆದು ವಿಷಯವನ್ನೆಲ್ಲ ಹೇಳಿ ಹೊರಟುಹೋದ. ಅವನ ಹೆಸರು ವೇಯ್ಕೊ ಎಂದು ಮಿರೆಲ್ಲಳಿಗೆ ತಿಳಿದದ್ದು ಗಾರ್ನೆಟ್ ಬರೆದುಕೊಂಡ ದೂರಿನಿಂದ.

"ನೀನು ಹಾಗೆ ಹೇಳೋಳಲ್ಲ ಕಣೆ," ಎಂದ ಗಾರ್ನೆಟ್.

"ದೂರು ಬಂತಲ್ಲ. ನೀವೇನು ಮಾಡಬೇಕೋ ಮಾಡಿ."

ಅವನು ಅವಳನ್ನು ಕೌಂಟರಿನಿಂದ ತೆಗೆದು ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚುವ ಕೆಲಸಕ್ಕೆ ಹಾಕಿದ. ಐದು ವರ್ಷ ಜನರ ಜೊತೆ ಮಾತಾಡಿಕೊಂಡೇ ಬದುಕಿದ್ದವಳಿಗೆ ಆ ಕೋಣೆಯ ಮೌನ ದಿನಕ್ಕೊಂದಿಷ್ಟು ಭಾರವಾಗುತ್ತ ಬಂತು.

ಹತ್ತು ದಿನದ ಮೇಲೆ ವೇಯ್ಕೊ ಮತ್ತೆ ಬಂದ. ಕೌಂಟರಿನ ಹುಡುಗಿ ಊಟಕ್ಕೆ ಹೋಗಿದ್ದಳು. ಗಂಟೆ ಸದ್ದು ಕೇಳಿ ಮಿರೆಲ್ಲಳೇ ಹೊರಗೆ ಬರಬೇಕಾಯಿತು.

ಅವಳನ್ನು ಕಂಡು ವೇಯ್ಕೊ ಬಾಗಿಲಲ್ಲೇ ನಿಂತ.

"ಬೇರೆ ಯಾರೂ ಇಲ್ವಾ?"

"ಇದ್ದಾರೆ. ಅರ್ಧ ಗಂಟೆ ಆಗುತ್ತೆ. ಕಾಯ್ತೀರಾ?"

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಣ್ಣ ಕೆಳಗೆ ಕಪ್ಪಾಗಿತ್ತು. "ಅಮ್ಮನಿಗೆ ಮಂಡಿನೋವು. ನಿದ್ದೇನೂ ಇಲ್ಲ. ಡಾಕ್ಟರು ಗಾಂಜಾ ತುಂಬ ಕಡಿಮೆ ಆದ್ರೆ ಪರವಾಗಿಲ್ಲ, ಆದ್ರೆ ನೀನು ಪಕ್ಕದಲ್ಲಿರಬೇಕು ಅಂದ್ರು. ಈ ಸಲ ನಾನೇ ತಿಳ್ಕೊಂಡು ಕೊಡೋಣ ಅಂತ..."

"ಬೇರೆ ಮಾತ್ರೆ ಏನಾದ್ರೂ ತಗೋತಾರಾ? ರಕ್ತ ತೆಳುವಾಗೋಕೆ, ಬಿ.ಪಿ.ಗೆ?"

"ಬಿ.ಪಿ.ಗೆ ಒಂದು. ಡಾಕ್ಟರಿಗೆ ಗೊತ್ತು."

ಮಿರೆಲ್ಲ ಕಪಾಟಿನಿಂದ ನಾಲ್ಕು ಬಗೆ ತೆಗೆದು ಸಾಲಾಗಿಟ್ಟಳು. ಹತ್ತು ದಿನದಿಂದ ಬಾಯಿ ಕಟ್ಟಿಕೊಂಡಿದ್ದವಳಿಗೆ ಮಾತು ತಾನಾಗಿ ಬಂತು.

"ಈ ಡಬ್ಬಿ ನೋಡಿ, ಸೋಡಾ ಥರದ್ದು. ಎರಡೇ ಮಿಲಿಗ್ರಾಂ. ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ, ಎರಡು ಮೂರು ತಾಸಲ್ಲಿ ಇಳಿಯುತ್ತೆ. ಬಿಯರ್ ಬಿಟ್ಟವರು ಇದನ್ನೇ ಕೇಳ್ತಾರೆ. ಇದು ಪುಡಿ. ನೀರಿಗೆ, ಹಾಲಿಗೆ ಎಷ್ಟು ಬೇಕೋ ಅಷ್ಟು ಬೆರೆಸ್ಕೋಬಹುದು. ಈ ಬೆರಳುದ್ದದ ಬಾಟಲಿ ಹೊಸಬರಿಗೆ ಬೇಡವೇ ಬೇಡ. ಎರಡು ಗುಟುಕಲ್ಲಿ ಪೂರ್ತಿ ಹತ್ತು."

"ಆ ಚಹಾ?"

ಅವಳು ಕೊನೆಯ ಬಾಟಲಿಯನ್ನು ಮುಂದೆ ಸರಿಸಿದಳು. "ಚಹಾ ನಿಧಾನ. ಅದನ್ನ ಎಣ್ಣೆಯಲ್ಲಿ ಮಾಡಿರ್ತಾರೆ. ಗಂಟೆ, ಒಂದೂವರೆ ಗಂಟೆವರೆಗೂ ಏನೂ ಅನ್ಸಲ್ಲ. ಏನೂ ಆಗ್ಲಿಲ್ವಲ್ಲ ಅಂತ ಇನ್ನೊಂದು ಕುಡಿದ್ರೆ ಆಮೇಲೆ ಎರಡೂ ಒಟ್ಟಿಗೆ ಬಂದು ಎದೆ ಮೇಲೆ ಕೂರುತ್ತೆ."

ಇಷ್ಟೆಲ್ಲ ತಿಳಿದವಳು ಹಾಗ್ಯಾಕೆ ಹೇಳಿದಳು? ವೇಯ್ಕೊನ ಮನಸ್ಸಿನಲ್ಲಿ ಪ್ರಶ್ನೆ ಎದ್ದಿತು. ಅವನು ಕೇಳಲಿಲ್ಲ.

"ನಾನು ಹಡಗಿನ ಇಂಜಿನ್ ನೋಡ್ಕೊಳ್ಳೋನು," ಎಂದ. "ಅದಕ್ಕೂ ಇಷ್ಟೊಂದು ಬಗೆ ಎಣ್ಣೆ ಬೇಕಾಗಲ್ಲ."

ಅವಳಿಗೆ ನಗು ಬಂತು. "ಇಂಜಿನ್ ನಿಮಗೆ ಸುಳ್ಳು ಹೇಳಲ್ಲ. ಜನ ವಯಸ್ಸು ಬಿಟ್ಟು ಉಳಿದದ್ದೆಲ್ಲ ಸುಳ್ಳು ಹೇಳ್ತಾರೆ. ವಯಸ್ಸಿಗೆ ಮಾತ್ರ ಕಾರ್ಡ್ ತೋರಿಸಲೇಬೇಕಲ್ಲ."

ಅವನು ಸೋಡಾ ಡಬ್ಬಿಗಳನ್ನೇ ಒಯ್ದ. ಅರ್ಧ ಡಬ್ಬಿಯಿಂದ ಶುರುಮಾಡಿ ಎಂದು ಅವಳು ಮೂರು ಸಲ ಹೇಳಿದಳು.

ಮುಂದಿನ ಗುರುವಾರ ಮತ್ತೆ ಬಂದ. "ಅಮ್ಮ ಐದು ತಾಸು ಮಲಗಿದ್ಲು," ಎಂದು ಹೇಳಲಿಕ್ಕೇ ಬಂದಿದ್ದ. ಅದರ ಮುಂದಿನ ಗುರುವಾರ ಔನೆಯಮ್ಮ ಮಾಡಿದ ಏಲಕ್ಕಿ ಬ್ರೆಡ್ಡು ತಂದ. ಆಮೇಲಾಮೇಲೆ ಅವಳ ಕೆಲಸ ಮುಗಿಯುವ ನಾಲ್ಕು ಗಂಟೆಗೆ ಸರಿಯಾಗಿ ಬಂದು, ಎದುರಿನ ಹೋಟೆಲಿನಲ್ಲಿ ಒಂದು ಕಾಫಿ ಕುಡಿಸಿ ಹೋಗುವುದು ರೂಢಿಯಾಯಿತು.

ಅವನು ಕಡಿಮೆ ಮಾತಿನವನು. ಸುಪೀರಿಯರ್ ಸರೋವರದಲ್ಲಿ ಗೋಧಿ ಒಯ್ಯುವ ಹಡಗುಗಳಲ್ಲಿ ಹದಿನೆಂಟು ವರ್ಷ ದುಡಿದಿದ್ದ. ಏಪ್ರಿಲ್‌ನಲ್ಲಿ ಅಪ್ಪ ತೌನೊ ತೀರಿಕೊಂಡಾಗ ನೀರಿನ ಮೇಲಿದ್ದ. ಮಣ್ಣು ಮಾಡುವ ಹೊತ್ತಿಗಷ್ಟೇ ತಲುಪಿದ. ಆಮೇಲೆ ಹಡಗು ಹತ್ತಲಿಲ್ಲ. ಅಮ್ಮನನ್ನು ಬಿಟ್ಟು ಹೋಗುವ ಧೈರ್ಯ ಬರಲಿಲ್ಲ.

ಮಿರೆಲ್ಲಳೂ ಹೇಳಿದಳು. ದೀನೊ ಎಂಬವನ ಜೊತೆ ಒಂಬತ್ತು ವರ್ಷದ ಸಂಸಾರ. ಅವನು ಹೊಡೆದವನಲ್ಲ, ಕುಡಿದವನಲ್ಲ. ಅವಳ ಒಂದು ಮಾತನ್ನೂ ನಂಬಿದವನಲ್ಲ.

"ಅಂಗಡಿಗೆ ಹೋಗಿದ್ದೆ ಅಂದ್ರೆ ಬಿಲ್ಲಿನ ಚೀಟಿ ತೋರ್ಸು ಅಂತಿದ್ದ. ಕೊನೆಗೆ ನನಗೇ ನನ್ನ ಮಾತಿನ ಮೇಲೆ ಅನುಮಾನ ಬರೋ ಹಾಗಾಯ್ತು. ಒಂದಿನ ಎದ್ದು ಬಂದ್ಬಿಟ್ಟೆ."

ವೇಯ್ಕೊ ಕಾಫಿ ಲೋಟ ಪಕ್ಕಕ್ಕಿಟ್ಟ. ಮೇಜಿನ ಮೇಲಿದ್ದ ಅವಳ ಕೈಯ ಹತ್ತಿರಕ್ಕೆ ತನ್ನ ಕೈ ಸರಿಸಿದ. ಮುಟ್ಟಲಿಲ್ಲ. ಅವಳಿಗೆ ಅದು ಮುಟ್ಟಿದ್ದಕ್ಕಿಂತ ಹೆಚ್ಚಾಯಿತು.

ಇವನ ಹತ್ತಿರ ನಾನು ಯಾವ ಚೀಟಿಯನ್ನೂ ತೋರಿಸಬೇಕಾಗಿಲ್ಲ... ಹಾಗಂದುಕೊಂಡಳು ಮಿರೆಲ್ಲ.

ಜನವರಿಯ ಮೊದಲ ವಾರ ಅದೇ ಹೋಟೆಲಿನಲ್ಲಿ ಅವನು ಕಾಫಿ ಮುಟ್ಟದೆ ಕೂತಿದ್ದ.

"ನನಗೆ ನೀವಂದ್ರೆ ಇಷ್ಟ. ಗುರುವಾರ ಬರೋವರೆಗೆ ವಾರವೆಲ್ಲ ಸುಮ್ನೆ ಕಳೀತೀನಿ. ಆದ್ರೆ ಒಂದು ಮಾತು ಎದೆಯಲ್ಲಿ ಹಾಗೇ ಉಳಿದಿದೆ. ನೀವು ಇಷ್ಟು ಜಾಗ್ರತೆಯವರು. ಅವತ್ತು ಅಮ್ಮನಿಗೆ ಎರಡೂ ಕುಡೀರಿ ಅಂತ ಯಾಕಂದ್ರಿ?"

ನಾನು ಹಾಗೆ ಹೇಳಿಲ್ಲ ಎನ್ನಲು ಮಿರೆಲ್ಲಳಿಗೆ ಒಂದು ವಾಕ್ಯ ಸಾಕಿತ್ತು. ಆದರೆ ಕಿಟಕಿಯಾಚೆ ತಲೆ ಅಲ್ಲಾಡಿಸಿದ ಆ ಮುಖ... ಆ ಹೆಂಗಸು ಮಗನಿಂದ ಏನನ್ನೋ ಮುಚ್ಚಿಟ್ಟಿದ್ದಾರೆ. ಅದನ್ನು ಬಿಚ್ಚುವ ಹಕ್ಕು ತನ್ನದಲ್ಲ.

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ."

"ಹೇಳಿದ್ದಂತೂ ನಿಜ ತಾನೆ?"

"ನೀವೇನಂತೀರಿ? ಎರಡು ತಿಂಗಳು ನನ್ನ ಎದುರಿಗೆ ಕೂತಿದ್ದೀರಲ್ಲ. ನಾನು ಹೇಳಿರ್ತೀನಿ ಅನ್ಸುತ್ತಾ ನಿಮಗೆ?"

ಅವನು ಉತ್ತರ ಹುಡುಕಿದ. ಹುಡುಕಬೇಕಾಯಿತಲ್ಲ, ಅದೇ ಅವಳಿಗೆ ಸಾಕಾಯಿತು.

"ನಮ್ಮಮ್ಮ ಯಾವತ್ತೂ ಸುಳ್ಳು ಹೇಳಿಲ್ಲ," ಎಂದ ಕೊನೆಗೆ.

ಮಿರೆಲ್ಲ ಕೋಟು ಹಾಕಿಕೊಂಡಳು. "ಇನ್ಮೇಲೆ ಗುರುವಾರ ಬರಬೇಡಿ."

ರಸ್ತೆ ದಾಟುವವರೆಗೆ ಅಳು ತಡೆದುಕೊಂಡಳು.

ಮೂರು ಗುರುವಾರ ಕಳೆದವು. ನಾಲ್ಕನೆಯ ವಾರ, ಒಂದು ಬುಧವಾರ ಬೆಳಿಗ್ಗೆ, ಔನೆಯಮ್ಮ ಒಬ್ಬರೇ ಬಸ್ಸಿನಲ್ಲಿ ಬಂದರು. ಕೌಂಟರಿನ ಹುಡುಗಿಯನ್ನು ದಾಟಿ ನೇರವಾಗಿ ಹಿಂದಿನ ಕೋಣೆಗೆ ನಡೆದರು.

"ಇಲ್ಲಿ ಕೂಡಿಸಿದ್ದಾರಾ ನಿನ್ನ?" ಎಂದು ಸುತ್ತ ನೋಡಿದರು. "ನನ್ನಿಂದಾನಾ?"

"ಕೂತ್ಕೊಳ್ಳಿ ಔನೆಯಮ್ಮ. ಮಂಡಿ ಹೇಗಿದೆ?"

"ಮಂಡಿ ಹಾಳಾಗ್ಲಿ. ಮಗ ನಗೋದು ಬಿಟ್ಟಿದ್ದಾನೆ. ಕೇಳಿದ್ರೆ ಮಾತಾಡಲ್ಲ. ನಿನ್ನೆ ಹಿಡ್ಕೊಂಡು ಕೇಳಿದೆ. ಆಗ ಗೊತ್ತಾಯ್ತು. ಅವತ್ತೊಂದು ದಿನ ಬಾಯ್ಮುಚ್ಚಿರು ಅಂತ ತಲೆ ಅಲ್ಲಾಡಿಸಿದೆ ನಾನು. ಮೂರು ತಿಂಗಳು ಮುಚ್ಚಿಕೊಂಡು ಕೂತಿದೀಯಲ್ಲೇ ಹುಚ್ಚಿ."

"ಯಾಕೆ ಎರಡೂ ಕುಡಿದ್ರಿ? ಅವತ್ತೇ ಕೇಳಬೇಕಿತ್ತು ನಾನು. ಈಗ ಕೇಳ್ತೀನಿ."

ಮುದುಕಿ ಪೆಟ್ಟಿಗೆಯ ಮೇಲೆ ಕೂತರು. ಕೈಗವಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ಆ ಭಾನುವಾರಕ್ಕೆ ನಮ್ಮ ಮದುವೆಯಾಗಿ ಐವತ್ತು ವರ್ಷ. ನಾವು ಯಾವತ್ತೂ ಆ ದಿನಾನ ಆಚರಿಸಿದವರಲ್ಲ. ಮಗನಿಗೆ ತಾರೀಖೂ ಗೊತ್ತಿಲ್ಲ. ಆದ್ರೆ ಐವತ್ತಕ್ಕೆ ನಿನ್ನನ್ನ ಕುಣಿಸ್ತೀನಿ ಅಂದಿದ್ದ ತೌನೊ. ಸಮಾಜದ ಹಾಲ್ ಮಾತಾಡಿಟ್ಟಿದ್ದ. ಏಪ್ರಿಲ್‌ನಲ್ಲಿ ಹೊರಟುಹೋದ. ಬೂಟು ಒರೆಸ್ಕೊಂಡು ಒಳಗೆ ಬಾ ಅಂತ ಬೈದಿದ್ದೇ ನಾನು ಅವನಿಗೆ ಆಡಿದ ಕೊನೆ ಮಾತು."

ಮಿರೆಲ್ಲ ಅವರ ಪಕ್ಕ ಕೂತಳು.

"ಸಾಯಬೇಕು ಅಂತಲ್ಲ ಮಗಳೇ. ಆ ಒಂದು ದಿನ ನನಗೆ ಬೇಡವಾಗಿತ್ತು. ಅಷ್ಟೇ. ನೀನು ಕಾಲು ಬಾಟಲಿ ಅಂದಿದ್ದು ಚೆನ್ನಾಗಿ ನೆನಪಿತ್ತು. ಆದ್ರೂ ಕುಡಿದೆ. ಅಮ್ಮ ಇನ್ನೂ ಇಷ್ಟು ನೋಯ್ತಿದ್ದಾಳೆ ಅಂತ ಗೊತ್ತಾದ್ರೆ ಅವನು ಇನ್ಯಾವತ್ತೂ ಹಡಗು ಹತ್ತಲ್ಲ. ನನ್ನ ಕಾಯ್ತಾ ಮುದುಕನಾಗ್ತಾನೆ. ಅದಕ್ಕೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ನಿನ್ನ ಮೇಲೆ ಹಾಕ್ದೆ."

ಮಿರೆಲ್ಲ ಆ ತಣ್ಣನೆಯ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ನನಗೆ ಕೋಪ ಇಲ್ಲ," ಎಂದಳು. "ಆದ್ರೆ ಈ ಮಾತು ಅವರಿಗೆ ಹೇಳಿ. ನನಗೋಸ್ಕರ ಅಲ್ಲ. ಅವರೂ ಅಪ್ಪನ್ನ ಕಳ್ಕೊಂಡಿದ್ದಾರೆ. ನೀವಿಬ್ಬರೂ ಒಂದೇ ಮನೆಯಲ್ಲಿ ಒಬ್ಬೊಬ್ಬರೇ ಅಳ್ತಿದ್ದೀರಿ."

ಔನೆಯಮ್ಮ ಕಣ್ಣೊರೆಸಿಕೊಂಡು ಎದ್ದರು. ಅಂದೇ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮುಂದೆ ಮಗನನ್ನು ಕೂರಿಸಿ ಎಲ್ಲವನ್ನೂ ಹೇಳಿದರು. ವೇಯ್ಕೊ ಅಪ್ಪ ಸತ್ತ ಮೇಲೆ ಮೊದಲ ಸಲ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತ.

ಮರುದಿನ ಗುರುವಾರ. ಮಧ್ಯಾಹ್ನ ಎರಡು ಗಂಟೆಗೆ ಅವನು ಅಂಗಡಿಗೆ ಬಂದ. ನಾಲ್ಕು ಜನ ಗಿರಾಕಿಗಳಿದ್ದರು. ಎಲ್ಲರ ಎದುರಿಗೇ ಗಾರ್ನೆಟ್‌ಗೆ ಹೇಳಿದ. "ನಾನು ಕೊಟ್ಟ ದೂರು ತಪ್ಪು. ಅವರು ಸರಿಯಾಗೇ ಹೇಳಿದ್ರು. ನಾನು ವಿಚಾರಿಸದೆ ಮಾತಾಡ್ದೆ. ಬರೆದುಕೊಡ್ತೀನಿ, ಕಾಗದ ಕೊಡಿ."

ಹಿಂದಿನ ಕೋಣೆಯಲ್ಲಿ ಮಿರೆಲ್ಲ ಪ್ರತಿ ಮಾತನ್ನೂ ಕೇಳಿಸಿಕೊಂಡಳು. ಹೊರಗೆ ಬರಲಿಲ್ಲ. ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ.

ನಾಲ್ಕಕ್ಕೆ ಹೊರಬಂದಾಗ ಅವನು ಹಿಮದಲ್ಲಿ ನಿಂತಿದ್ದ. ಭುಜದ ಮೇಲೆ ಬಿಳಿ ಕೂತಿತ್ತು.

"ಬರಬೇಡಿ ಅಂದಿದ್ದೆ."

"ಹೌದು. ಒಂದು ಮಾತು ಹೇಳಿ ಹೋಗ್ತೀನಿ." ಅವನು ಟೋಪಿ ತೆಗೆದ. "ನೀವು ನನ್ನ ಕೇಳಿದ್ರಿ, ನಾನು ಹೇಳಿರ್ತೀನಿ ಅನ್ಸುತ್ತಾ ಅಂತ. ಅನ್ಸಿರಲಿಲ್ಲ ಮಿರೆಲ್ಲ. ಒಂದು ದಿನವೂ ಅನ್ಸಿರಲಿಲ್ಲ. ಆದ್ರೆ ನಿಮ್ಮನ್ನ ನಂಬಿದ್ರೆ ಅಮ್ಮನ ಬಗ್ಗೆ ಏನೋ ತಿಳ್ಕೋಬೇಕಾಗಿತ್ತು. ಅದಕ್ಕೆ ಹೆದರಿದೆ. ನನ್ನ ಹೆದರಿಕೆಗೆ ನಿಮ್ಮನ್ನ ಬಲಿ ಕೊಟ್ಟೆ."

ಅವಳು ಅವನ ಮುಖ ನೋಡಿದಳು. ದೀನೊ ಒಮ್ಮೆಯೂ ಹೀಗೆ ತನ್ನೆದುರು ನಿಂತು ತಪ್ಪು ಒಪ್ಪಿಕೊಂಡಿರಲಿಲ್ಲ.

"ನನಗೆ ನೋವಾಯ್ತು," ಎಂದಳು. "ಅವತ್ತು ಆ ಕುರ್ಚಿಯಲ್ಲಿ ನೀವಲ್ಲ, ದೀನೊನೇ ಕೂತ ಹಾಗಾಯ್ತು."

"ಗೊತ್ತು."

"ಒಂದೇ ದಿನಕ್ಕೆ ಅದು ಹೋಗಲ್ಲ."

"ಗೊತ್ತು. ನಿಮ್ಮ ಲೆಕ್ಕದಲ್ಲೇ ಹೇಳೋದಾದ್ರೆ ನಾನು ಚಹಾ ಥರದವನು. ನಿಧಾನ."

ಅವಳಿಗೆ ಗೊತ್ತಿಲ್ಲದೆ ನಗು ಬಂತು, ಹಿಂದೆಯೇ ಕಣ್ಣೀರು. ಅವನು ಈ ಸಲ ಕೈ ಚಾಚಿದ. ಅವಳು ಹಿಡಿದುಕೊಂಡಳು.

"ಮಾರ್ಚ್ ಕೊನೆಗೆ ಹಡಗು ಹೊರಡುತ್ತೆ," ಎಂದ ಅವನು. "ಅಮ್ಮ ಹೋಗು ಅಂತ ಹಟ ಹಿಡಿದಿದ್ದಾಳೆ. ಹೋದ್ರೆ ಆರು ವಾರ ಬರೋಕಾಗಲ್ಲ."

"ಹೋಗಿ ಬನ್ನಿ. ಭಾನುವಾರ ಭಾನುವಾರ ನಾನು ಔನೆಯಮ್ಮನ ಹತ್ರ ಹೋಗ್ತೀನಿ. ನಾನು ಆ ಬ್ರೆಡ್ಡು ಮಾಡೋದು ಕಲೀಬೇಕು."

"ನನಗೋಸ್ಕರ ಕಾಯ್ತೀರಾ?"

"ಕಾಯಲ್ಲ. ನನ್ನ ಕೌಂಟರಿಗೆ ವಾಪಸ್ ಹೋಗಿ ಕೆಲಸ ಮಾಡ್ತಾ ಇರ್ತೀನಿ. ನೀನು ಬಂದಾಗ ಇಲ್ಲೇ ಸಿಗ್ತೀನಿ."

ವೇಯ್ಕೊ ತಲೆ ಎತ್ತಿದ. "ಏನಂದ್ರಿ?"

"ಇಲ್ಲೇ ಸಿಗ್ತೀನಿ ಅಂದೆ."

"ಅದಲ್ಲ. ಅದಕ್ಕೂ ಮುಂಚೆ. ನೀನು ಅಂದ್ರಿ."

"ಹೌದು," ಎಂದಳು ಮಿರೆಲ್ಲ, ಅವನ ಭುಜದ ಹಿಮ ಕೊಡವುತ್ತ. "ನೀನೂ ಅನ್ನು."