ಮೇಘಶ್ರೀ ಮೇಡಂ ಬ್ಯಾಂಡ್

"ಮೇಡಂ, ನಿಮ್ಮ ಬ್ಯಾಂಡೇ ಸರಿಯಿಲ್ಲ ಅನ್ಸುತ್ತೆ," ಎಂದ ಶರಣ್, ಮೇಘಶ್ರೀಯ ಮಣಿಕಟ್ಟನ್ನು ಹಗುರಾಗಿ ಹಿಡಿದುಕೊಂಡೇ.

ಜಯನಗರದ ಆ ಪಿಯು ಕಾಲೇಜಿಗೆ ಅವನು ಸಂಶೋಧನೆಗೆಂದು ಬಂದಿದ್ದ. ಕೈಗೆ ಬ್ಯಾಂಡ್ ಕಟ್ಟಿ, ಎದೆಬಡಿತ, ಬೆವರು ನೋಡಿ, ಪಾಠದಲ್ಲಿ ಯಾರ ಮನಸ್ಸು ಎಷ್ಟಿದೆಯೆಂದು ಅಳೆಯುವುದು ಅವನ ಕೆಲಸ. ಮಕ್ಕಳ ಜೊತೆಗೆ ಕೆಮಿಸ್ಟ್ರಿ ಲೆಕ್ಚರರ್ ಮೇಘಶ್ರೀಗೂ ಒಂದು ಬ್ಯಾಂಡ್. ಪಾಠಕ್ಕೆ ಮುಂಚೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಆಗಿನ ಶಾಂತ ಬಡಿತವೇ ಬೇಸ್‌ಲೈನ್. ಮಿಕ್ಕಿದ್ದನ್ನೆಲ್ಲ ಅದಕ್ಕೆ ಹೋಲಿಸಿ ನೋಡುವುದು.

ಮೇಘಶ್ರೀಯದು ಮಾತ್ರ ಸುಮ್ಮನೆ ಕೂತಾಗಲೇ ಏರುತ್ತಿತ್ತು, ಪಾಠ ಶುರುವಾದರೆ ಇಳಿಯುತ್ತಿತ್ತು.

"ಪಾಠ ಮಾಡೋವಾಗ ಆರಾಮಾಗಿರ್ತೀರ. ಸುಮ್ನೆ ಕೂತ್ರೆ ಟೆನ್ಷನ್ನಾ?"

"ಕಟ್ಟೋರು ಹಾಗೆ ಕಟ್ತಾರೆ ಸಾರ್," ಎಂದು ಅವಳು ಓರೆಗಣ್ಣಿನಲ್ಲಿ ನೋಡಿದಳು.

ಅವನು ಪಟ್ಟಿ ಸಡಿಲ ಮಾಡಿದ. ಅಷ್ಟೊಂದು ಓದಿದವನಿಗೆ ಇಷ್ಟು ತಿಳಿಯಬಾರದೇ! ಮರುದಿನ ಹೊಸ ಬ್ಯಾಂಡನ್ನೇ ತಂದ.

ಗಿರಿನಗರದ ಗಂಡಿನ ಕಡೆಯವರು ಅವಳನ್ನು ನೋಡಿ ಒಪ್ಪಿ ಹೋಗಿದ್ದರು. ಅಪ್ಪ ಅವಳ ಉತ್ತರಕ್ಕೆ ಕಾಯುತ್ತಿದ್ದರು. ಶರಣ್ ಒಂದು ಮಾತಾಡಿದ್ದರೆ ಸಾಕಿತ್ತು, ಬೇಡವೆಂದುಬಿಡುತ್ತಿದ್ದಳು. ತಾನಾಗಿ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಕೊನೆಗೊಂದು ದಿನ ಅವನನ್ನು ಹೊರಗೆ ನಿಲ್ಲಿಸಿ, ಲ್ಯಾಬಿನ ಕಲ್ಯಾಣಿ ಆಂಟಿಯ ಕೈಯಲ್ಲಿ ಕಟ್ಟಿಸಿಕೊಂಡಳು. ಬೇಸ್‌ಲೈನ್ ಶಾಂತವಾಗಿ ಬಂತು. ಈಗಲಾದರೂ ಅವನಿಗೆ ಅರ್ಥವಾದೀತೆಂದು ಕಾದಳು.

"ಸೂಪರ್ ಮೇಡಂ! ನಾನು ಕಟ್ಟೋದೇ ಸರಿಯಿರ್ಲಿಲ್ಲ. ಇನ್ಮೇಲೆ ಆಂಟೀನೇ ಕಟ್ಲಿ," ಎಂದ ಶರಣ್ ಖುಷಿಯಾಗಿ.

ಅವಳಿಗೆ ಅಳು ಒತ್ತರಿಸಿ ಬಂತು. ಇವನ ಮನಸ್ಸಿನಲ್ಲಿ ತಾನಿಲ್ಲವೇ ಇಲ್ಲ ಎಂದುಕೊಂಡಳು. ಸಂಜೆ ಅಪ್ಪನಿಗೆ ಹ್ಞೂಂ ಅಂದುಬಿಟ್ಟಳು.

ಅವನ ಕೆಲಸ ಮುಗಿಯುವ ಹೊತ್ತಿಗೆ ಬನಶಂಕರಿಯಲ್ಲಿ ಛತ್ರ ಗೊತ್ತಾಗಿ, ಲಗ್ನಪತ್ರಿಕೆಯೂ ಹಂಚಿಯಾಗಿತ್ತು. ಅವನಿಗೊಂದು ಕೊಡಲು ಹೋದಾಗ ಶರಣ್ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಮುಖ ಸಪ್ಪಗಿತ್ತು.

"ಆಂಟಿ ಕಟ್ಟಿದ ದಿನದ್ದು ಈಗ ಪೂರ್ತಿ ನೋಡ್ದೆ. ನಾನು ಬಾಗಿಲು ತೆಗೆದು ಒಳಗೆ ಬಂದಾಗ ನಿಮ್ಮ ಬಡಿತ ಏರಿದೆ, ಮೇಡಂ."

"ಬ್ಯಾಂಡ್ ಸರಿಯಾಗೇ ಇತ್ತು, ಶರಣ್."

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಪತ್ರಿಕೆ ತೆಗೆದುಕೊಂಡ, ಬಿಚ್ಚಲಿಲ್ಲ.

"ನಿಮ್ಮದು ಹೇಗಿರ್ತಿತ್ತು?" ಎಂದು ಕೇಳಿದಳು.

"ನಾನು ಯಾವತ್ತೂ ಹಾಕ್ಕೊಂಡೇ ಇಲ್ಲ."

ಮೇಘಶ್ರೀ ಪೆಟ್ಟಿಗೆಯಿಂದ ಒಂದು ಬ್ಯಾಂಡ್ ತೆಗೆದು ಅವನ ಕೈಗೆ ಕಟ್ಟಿದಳು. ಸ್ಕ್ರೀನಿನ ಮೇಲೆ ಗೆರೆ ಏರಿತು, ಏರುತ್ತಲೇ ಹೋಯಿತು. ಇಬ್ಬರೂ ಅದನ್ನೇ ನೋಡಿದರು. ಬೆಲ್ ಹೊಡೆಯಿತು. ಅವಳೇ ಬ್ಯಾಂಡ್ ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟಳು.

"ಕ್ಲಾಸಿದೆ, ಬರ್ತೀನಿ," ಎಂದಳು.